ಮೊದಲ ಪಿಸಿಬಿ ಮಾಡಿಸುವವರಿಗೆ: ಸಾಮಾನು ಮೊದಲು, ಲೇಔಟ್ ಆಮೇಲೆ

ಪ್ರಶ್ನೆ: ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ಆಫ್ ಆಗುವ ಸರ್ಕ್ಯೂಟನ್ನು ಜೀರೋ ಪಿಸಿಬಿ (ತೂತುಗಳಿರುವ ಸಿದ್ಧ ಸರ್ಕ್ಯೂಟ್ ಬೋರ್ಡ್) ಮೇಲೆ ಕಟ್ಟಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತಿದೆ. ಈಗ ಸರಿಯಾದ ಬೋರ್ಡ್ ಮಾಡಿಸುವ ಆಸೆ. ಬೋರ್ಡ್ ವಿನ್ಯಾಸ ಮಾಡುವ ಕೀಕ್ಯಾಡ್ ಸಾಫ್ಟ್‌ವೇರ್ ಕಲಿಯಬಹುದಾ? ಏನೇನು ನೋಡಿಕೊಳ್ಳಬೇಕು?

ಮೊದಲ ಉತ್ತರ: ಧಾರಾಳವಾಗಿ ಕಲಿಯಿರಿ ಸರ್. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕಾಟವಿಲ್ಲ. 1992ರಲ್ಲಿ ಫ್ರಾನ್ಸಿನ ಜೀನ್-ಪಿಯೆರ್ ಶರಾಸ್ ಶುರು ಮಾಡಿದ್ದು, ಮುಂದೆ ಜಿನೀವಾದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿತು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಈಗಲ್ ಅನ್ನು ನಿಲ್ಲಿಸುತ್ತೇವೆ ಅಂತ ಅದರ ಕಂಪನಿ ಆಟೋಡೆಸ್ಕ್ 2023ರಲ್ಲಿ ಹೇಳಿದ ಮೇಲೆ ಅಲ್ಲಿಂದಲೂ ಜನ ಇತ್ತ ಬಂದಿದ್ದಾರೆ.

ಟ್ರ್ಯಾಕ್ (ಬೋರ್ಡಿನ ತಾಮ್ರದ ಗೆರೆ) ಎಳೆಯುವುದು ಎರಡು ಸಂಜೆಯಲ್ಲಿ ಬರುತ್ತದೆ. ಕೈಕೊಡುವುದು ಫುಟ್‌ಪ್ರಿಂಟ್, ಅಂದರೆ ಸಾಮಾನಿನ ಕಾಲುಗಳು ಕೂರುವ ತೂತು, ಪ್ಯಾಡ್‌ಗಳ (ಬೆಸುಗೆ ಹಾಕುವ ತಾಮ್ರದ ಜಾಗ) ನಕ್ಷೆ. ಆದ್ದರಿಂದ ಸಾಮಾನು ಮೊದಲು ಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಟರ್ಮಿನಲ್ ಬ್ಲಾಕ್ (ವೈರ್ ಸ್ಕ್ರೂ ಮಾಡುವ ಕನೆಕ್ಟರ್) ಕಾಲುಗಳ ನಡುವೆ 5 ಮಿಮೀ ಅಂತರದ್ದೂ ಇರಬಹುದು, 5.08ರದ್ದೂ ಇರಬಹುದು. ಎರಡು ಕಾಲಿನದಾದರೆ ಹೇಗೋ ಕೂರುತ್ತದೆ. ಎಂಟು ಕಾಲಿನದರಲ್ಲಿ ಒಂದರ ಫುಟ್‌ಪ್ರಿಂಟ್‌ಗೆ ಇನ್ನೊಂದನ್ನು ಕೂರಿಸಹೋದರೆ ಕೊನೆಯ ಕಾಲು ಅರ್ಧ ಮಿಮೀಗಿಂತ ಜಾಸ್ತಿ ಆಚೆ ಹೋಗುತ್ತದೆ. ಟ್ರಾನ್ಸಿಸ್ಟರ್ ಕಥೆಯೂ ಅಷ್ಟೇ. ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಇದಕ್ಕೆ ಪೂರ್ತಿ ಉಲ್ಟಾ.

ಲೇಔಟ್ ಮುಗಿದ ಮೇಲೆ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆದು, ಥರ್ಮಾಕೋಲ್ ಮೇಲೆ ಅಂಟಿಸಿ, ಸಾಮಾನೆಲ್ಲ ಚುಚ್ಚಿ ನೋಡಿ. ಇಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಎರಡನೇ ಉತ್ತರ: ಅವರು ಹೇಳಿದ್ದು ಸರಿ. ಆದರೆ ನಿಮ್ಮ ಬೋರ್ಡಿಗೆ 230 ವೋಲ್ಟ್ ಬರುತ್ತದಲ್ವಾ? ನನಗೆ ಅದೇ ಮೊದಲ ಚಿಂತೆ. ಮೇನ್ಸ್ ಟ್ರ್ಯಾಕಿಗೂ 5 ವೋಲ್ಟ್ ಕಡೆಗೂ ನಡುವೆ 6 ಮಿಮೀಗಿಂತ ಕಡಿಮೆ ನಾನು ಬಿಡುವುದಿಲ್ಲ, ಜಾಗ ಇದ್ದರೆ 8. ಕೀಕ್ಯಾಡ್‌ನಲ್ಲಿ ಮೇನ್ಸ್ ನೆಟ್‌ಗಳಿಗೆ (ಮೇನ್ಸ್ ಹರಿಯುವ ಜೋಡಣೆಗಳಿಗೆ) ಬೇರೆ ನೆಟ್ ಕ್ಲಾಸ್ (ಗುಂಪು) ಮಾಡಿ, ಅಂತರವನ್ನು ಅಲ್ಲೇ ಬರೆದಿಡಿ. ಆಗ ಡಿಆರ್‌ಸಿ (ಲೇಔಟ್ ನಿಯಮಗಳ ತಪಾಸಣೆ) ಓಡಿಸಿದಾಗ ತಪ್ಪನ್ನು ಅದೇ ಹಿಡಿದುಕೊಡುತ್ತದೆ. ಗ್ರೌಂಡ್ ಝೋನ್ (ಖಾಲಿ ಜಾಗ ತುಂಬುವ ಗ್ರೌಂಡ್ ತಾಮ್ರ) ಸುರಿಯುವಾಗ ಮೇನ್ಸ್ ಭಾಗವನ್ನು ಹೊರಗಿಡಿ.

ಇನ್ನೊಂದು. ಚಿಕ್ಕ ನೀಲಿ ರಿಲೇ ಮೇಲೆ 10 ಆಂಪ್ ಅಂತ ಬರೆದಿರುತ್ತದೆ, ಅದು ಮೋಟಾರಿಗೆ ಹೇಳಿದ ಲೆಕ್ಕವಲ್ಲ. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಕಾಂಟ್ಯಾಕ್ಟ್ ಅಂಟಿಕೊಂಡರೆ ಆಫ್ ಆಗುವುದೇ ಇಲ್ಲ. ರಿಲೇ ಸುಮ್ನೆ ಕಾಂಟ್ಯಾಕ್ಟರ್ (ಮೋಟಾರ್ ಕರೆಂಟ್ ತಾಳುವ ದೊಡ್ಡ ರಿಲೇ) ಕಾಯಿಲ್ ನಡೆಸಲಿ. ಆಗ ಬೋರ್ಡಿನ 35 ಮೈಕ್ರಾನ್ ತಾಮ್ರದ ಮೇಲೂ ಭಾರೀ ಕರೆಂಟ್ ಹರಿಯುವುದಿಲ್ಲ. ನಿಮ್ಮ ಮೋಟಾರ್ ಎಷ್ಟು ಎಚ್‌ಪಿ?

ಮೂರನೇ ಉತ್ತರ: ಇಆರ್‌ಸಿ (ಸರ್ಕ್ಯೂಟ್ ಚಿತ್ರದ ತಪಾಸಣೆ) ಓಡಿಸಿದಾಗ ಪವರ್ ಪಿನ್‌ಗೆ ಸಪ್ಲೈ ಇಲ್ಲ ಅಂತ ಎರರ್ ಬಂದರೆ ಹೆದರಬೇಡಿ. ಕನೆಕ್ಟರಿನಿಂದ ಪವರ್ ಬರುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆ ತಂತಿಗೂ ಗ್ರೌಂಡಿಗೂ ಪವರ್ ಫ್ಲ್ಯಾಗ್ (ಇಲ್ಲಿ ಪವರ್ ಬರುತ್ತಿದೆ ಅಂತ ಹೇಳುವ ಗುರುತು) ಸಿಕ್ಕಿಸಿದರೆ ಸಾಕು. ಬೋರ್ಡ್ ಮಾಡುವವರಿಗೆ ಗರ್ಬರ್ (ಬೋರ್ಡಿನ ಪದರಗಳ ಚಿತ್ರದ ಫೈಲ್‌ಗಳು) ಕಳಿಸುವಾಗ ಡ್ರಿಲ್ ಫೈಲ್ ಬೇರೆ ಬಟನ್‌ನಲ್ಲಿದೆ, ಮರೆಯಬೇಡಿ. ಎರಡನ್ನೂ ಗರ್ಬರ್ ವ್ಯೂವರ್‌ನಲ್ಲಿ ಒಟ್ಟಿಗೆ ತೆರೆದು, ತೂತುಗಳು ಪ್ಯಾಡ್ ಮೇಲೇ ಕೂತಿವೆಯಾ ನೋಡಿ. ಕಳಿಸುವ ಮುಂಚೆ ಇಲ್ಲಿ ಸ್ಕ್ರೀನ್‌ಶಾಟ್ ಹಾಕಿದರೆ ನಾವೂ ಕಣ್ಣಾಡಿಸುತ್ತೇವೆ.