ಯುದ್ಧಕಾಲದ ಮಠದ ಪತ್ರಗಳು: ಇಸವಿ ಕಂಡುಹಿಡಿಯುವುದು, ಒಕ್ಕಣೆ ಬಿಡಿಸುವುದು ಹೇಗೆ?

ಸಾಗರದ ಓದುಬಳಗ:
ಯುದ್ಧದ ದಿನಗಳಲ್ಲಿ ವಿದ್ವಾಂಸರು, ಮಠಾಧಿಪತಿಗಳು, ಅರಸರು ಬರೆದುಕೊಂಡ ಪತ್ರಗಳನ್ನು ಓದಿಸುವ ಕಮ್ಮಟವನ್ನು ಸಾಗರದಲ್ಲಿ ಮಾಡಬೇಕೆಂದಿದ್ದೇವೆ. ಶೃಂಗೇರಿ ಮಠಕ್ಕೆ ಟಿಪ್ಪು ಬರೆಸಿದ ಕನ್ನಡ ಪತ್ರಗಳಿಂದ ಶುರು. ಸಂವತ್ಸರದ ಹೆಸರು ಮಾತ್ರ ಇದ್ದರೆ ಇಸವಿ ತಿಳಿಯುವುದು ಹೇಗೆ? ಬಿರುದುಗಳೇ ತುಂಬಿರುವ ಪತ್ರದಲ್ಲಿ ವಿಷಯ ಎಲ್ಲಿದೆ ಎಂದು ಹೊಸಬರಿಗೆ ಹೇಗೆ ತೋರಿಸುವುದು? ಮೂಲ ಕಡತ ಮುಟ್ಟುವಾಗ ಏನು ಎಚ್ಚರ ಬೇಕು?

ಪಂಚಾಂಗ ಪ್ರಿಯ:
ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಕ 1713ಕ್ಕೆ 12 ಸೇರಿದರೆ 1725, ಶೇಷ 45: ವಿರೋಧಿಕೃತ್, ಅಂದರೆ 1791-92. ಶಕ ಬರೆದಿಲ್ಲವಾದರೆ ಅದೇ ಹೆಸರು 1731ಕ್ಕೂ 1851ಕ್ಕೂ ಹೊಂದುತ್ತದೆ. ಆಗ ಸ್ವಾಮಿಗಳ, ಅಧಿಕಾರಿಗಳ ಹೆಸರು ನೋಡಿ ಆರಿಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಶಕಕ್ಕೆ ಕಣ್ಣುಮುಚ್ಚಿ 78 ಕೂಡಿಸುವಲ್ಲಿ. ಶಕವರ್ಷ ಬದಲಾಗುವುದು ಯುಗಾದಿಗೆ, ಇಸವಿ ಬದಲಾಗುವುದು ಜನವರಿಗೆ. ಹಾಗಾಗಿ ಮಾಘ, ಫಾಲ್ಗುಣದ ಪತ್ರಕ್ಕೆ 79 ಕೂಡಿಸಬೇಕು. ಪುಷ್ಯದ ನಡುವೆಯೇ ಜನವರಿ ಬರಬಹುದು, ಹಾಗಾಗಿ ತಿಥಿ, ವಾರ ಎರಡನ್ನೂ ಹಳೆಯ ಪಂಚಾಂಗದ ಕೋಷ್ಟಕದಲ್ಲಿ ತಾಳೆ ನೋಡಿ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದದ್ದು 1792ರ ಫೆಬ್ರವರಿಯಲ್ಲಿ. ಇಲ್ಲಿ ಒಂದು ವರ್ಷ ತಪ್ಪಿದರೆ ಪತ್ರದ ಅರ್ಥವೇ ಬೇರೆಯಾಗುತ್ತದೆ.

ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯನ್ನು ಹಿಜರಿ ಎಂದುಕೊಳ್ಳಬೇಡಿ. ಮೌಲೂದಿ 1219 ಎಂದರೆ 1791-92. ಅದನ್ನೇ ಹಿಜರಿ ಎಂದು ಓದಿದರೆ 1804 ಬರುತ್ತದೆ, ಟಿಪ್ಪು ಸತ್ತದ್ದು 1799ರಲ್ಲಿ.

ಹೊಸನಗರ ಲಿಪಿಕಾರ:
ಮೊದಲು ಪತ್ರದ ಜಾತಿ ಗುರುತಿಸಿ. ಗುರುಗಳು ಕಳಿಸಿದ್ದು ಶ್ರೀಮುಖ, ಅರಸ ಅಧಿಕಾರಿಗೆ ಬರೆದ ಆಜ್ಞೆ ನಿರೂಪ, ಕೆಳಗಿನವರು ಮೇಲಿನವರಿಗೆ ಬರೆದದ್ದು ಬಿನ್ನವತ್ತಳೆ. ನೆರಳಚ್ಚು ಪ್ರತಿಯಲ್ಲಿ ಬಿರುದಾವಳಿಗೆ ಒಂದು ಬಣ್ಣ, ಕ್ಷೇಮಸಮಾಚಾರಕ್ಕೆ ಇನ್ನೊಂದು ಬಣ್ಣದ ಗೆರೆ ಎಳೆಸಿ. ಗೆರೆ ಬೀಳದೆ ಉಳಿದದ್ದರಲ್ಲೇ ವಿಷಯ ಇರುತ್ತದೆ. ಅದರಲ್ಲೂ 'ತಾವು ಬರೆಸಿದ ಪತ್ರ ಮುಟ್ಟಿತು' ಎಂಬ ಅರ್ಥದ ಭಾಗವನ್ನು ಬಿಡಬೇಡಿ. ಬಂದ ಪತ್ರದ ಸಾರವನ್ನು ಉತ್ತರದಲ್ಲಿ ಮತ್ತೆ ಬರೆಯುವುದು ರೂಢಿ. ಮಠದಿಂದ ಹೋದ ಪತ್ರ ಕಳೆದುಹೋಗಿದ್ದರೂ ಅದರಲ್ಲಿ ಏನಿತ್ತೆಂದು ಇಲ್ಲಿ ಸಿಗುತ್ತದೆ.

1791ರಲ್ಲಿ, ಮೂರನೇ ಮೈಸೂರು ಯುದ್ಧದ ನಡುವೆ, ಮರಾಠಾ ಸೇನೆಯ ತುಕಡಿಯೊಂದು ಶೃಂಗೇರಿಯನ್ನು ಲೂಟಿ ಮಾಡಿತು. ಆಗ ಮಠದ ಗುರುಗಳಾಗಿದ್ದ ಮೂರನೇ ಸಚ್ಚಿದಾನಂದ ಭಾರತಿಗಳು ಟಿಪ್ಪುವಿಗೆ ಬರೆದರು. ಶಾರದೆಯ ಪುನಃಪ್ರತಿಷ್ಠೆಗೆ 200 ರಹತಿ (ಅಂದಿನ ನಾಣ್ಯ) ನಗದು, ಜೊತೆಗೆ ಬೇಕಾದ ಸಾಮಗ್ರಿ ಕೊಡುವಂತೆ ಬಿದನೂರಿನ ಅಸಫನಿಗೆ, ಅಂದರೆ ಅಲ್ಲಿನ ಪ್ರಾಂತಾಧಿಕಾರಿಗೆ, ಟಿಪ್ಪುವಿನ ಆಜ್ಞೆ ಹೋಯಿತು. ಆ ಬಿದನೂರು ನಮ್ಮ ಹೊಸನಗರ ತಾಲ್ಲೂಕಿನ ನಗರವೇ. ಎಷ್ಟು ಹಣ, ಯಾರ ಮೂಲಕ, ಯಾವ ಕೆಲಸಕ್ಕೆ: ಕಮ್ಮಟದಲ್ಲಿ ಈ ಮೂರನ್ನೇ ಹುಡುಕಿಸಿ. ಬಿರುದುಗಳು ರೂಢಿಯಿಂದ ಬಂದವು, ಹಣದ ಆಜ್ಞೆ ಆ ಹೊತ್ತಿನ ತೀರ್ಮಾನ.

ಒಂದೇ ಪತ್ರ ಹಿಡಿದು ಟಿಪ್ಪುವಿನ ಇಡೀ ಧರ್ಮನೀತಿಗೆ ತೀರ್ಪು ಕೊಡುವವರು ಎರಡೂ ಕಡೆ ಇದ್ದಾರೆ. ಅದಕ್ಕೆ ಅವಕಾಶ ಕೊಡಬೇಡಿ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಈ ಪತ್ರಗಳು ಸುಮಾರು 30 ಇವೆ. ಎಲ್ಲವನ್ನೂ ತಾರೀಖಿನ ಸಾಲಿನಲ್ಲಿಟ್ಟು, ಪಕ್ಕದಲ್ಲಿ ಯುದ್ಧದ ಘಟನೆಗಳನ್ನು ಬರೆದು ಓದಿಸಿ. ಶತ್ರುನಾಶಕ್ಕೆ ಜಪ ಮಾಡಿಸಬೇಕೆಂದು ಟಿಪ್ಪು ಗುರುಗಳಿಗೆ ಮಾಡಿದ ಕೋರಿಕೆ ಯಾವ ತಿಂಗಳಿನದು ಎಂಬುದು ಆಗ ತಾನಾಗಿಯೇ ಕಾಣುತ್ತದೆ.

ಕಡತ ಕಾಪಾಡಿ:
ಮೂಲ ಕಡತ ಎಂದರೆ ಹುಣಸೆಬೀಜದ ಸರಿಗೆ (ಅಂಟಿಗೆ) ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಲ್ಲಿ ಬರೆದದ್ದು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ್ದು, ಆದ್ದರಿಂದ ಒದ್ದೆ ಬಟ್ಟೆ ಅಥವಾ ಬೆವರಿದ ಬೆರಳು ತಾಗಿದರೂ ಅಕ್ಷರ ಹೋಗುತ್ತದೆ. ತಾಳೆಗರಿಗೆ ಹಚ್ಚುವ ಎಣ್ಣೆಯನ್ನು ಇದಕ್ಕೆ ಖಂಡಿತ ಹಚ್ಚಬೇಡಿ. ಮಡಿಕೆ ಗಟ್ಟಿಯಾಗಿದ್ದರೆ ಬಲವಂತವಾಗಿ ಬಿಡಿಸಬೇಡಿ, ಸರಿಯ ಪದರ ಅಲ್ಲೇ ಒಡೆದು ಉದುರುತ್ತದೆ. ಫೋಟೋ ತೆಗೆಯುವಾಗ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಮಾಸಿದ ಬಳಪದ ಗೆರೆ ಎದ್ದು ಕಾಣುತ್ತದೆ. ಈ ಸರಿಯೇ ಹುಳಕ್ಕೂ ಬೂಷ್ಟಿಗೂ ಆಹಾರ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟು ಬಿಚ್ಚಲೇಬೇಡಿ, ಕಮ್ಮಟವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ.