ತಾಂತ್ರಿಕ ಚರ್ಚೆಗಳ ಮೇಲೆ ತಾನಾಗಿಯೇ ಕಣ್ಣಿಡುವ ವ್ಯವಸ್ಥೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಇಲ್ಲಿನ ಅಕ್ಕಿ ಗಿರಣಿಗಳಿಗೆ ಲೆಕ್ಕಪತ್ರ ಹಾಗೂ ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ವೇ ಬ್ರಿಡ್ಜ್‌ನ ತೂಕವನ್ನು ಕಂಪ್ಯೂಟರಿಗೆ ತರಲು ಪ್ರತಿ ಗಿರಣಿಯಲ್ಲೂ ಪ್ರತ್ಯೇಕ ಪ್ರೋಗ್ರಾಂ ಹಾಕಿ, ಅದು ಕೆಟ್ಟಾಗಲೆಲ್ಲ ಬೈಕ್ ಹತ್ತಿ ಓಡುತ್ತಿದ್ದೆವು. ತೂಕದ ಯಂತ್ರದ ತಂತಿ ಸೇರುವ ಸೀರಿಯಲ್ ಪೋರ್ಟನ್ನು ಬ್ರೌಸರಿನಿಂದಲೇ ಓದುವ ಸೌಲಭ್ಯವು 2021ರಲ್ಲೇ ಕ್ರೋಮ್ 89ರೊಂದಿಗೆ ಬಂದಿತ್ತೆಂಬುದು ನಮಗೆ ತಿಳಿದದ್ದು ಕಳೆದ ವರ್ಷ, ಅದೂ ಪ್ರೋಗ್ರಾಮರುಗಳ ಚರ್ಚಾತಾಣವಾದ ಹ್ಯಾಕರ್ ನ್ಯೂಸ್‌ನ ಹಳೆಯ ಚರ್ಚೆಯೊಂದರಲ್ಲಿ. ಅಂದಿನಿಂದ ದಿನವೂ ಬೆಳಿಗ್ಗೆ ಒಂದೂವರೆ ಗಂಟೆ ಹ್ಯಾಕರ್ ನ್ಯೂಸ್, ರೆಡ್ಡಿಟ್, ಸ್ಟ್ಯಾಕ್ ಓವರ್‌ಫ್ಲೋ ಓದುತ್ತಿದ್ದೇನೆ. ಇದನ್ನು ತಾನಾಗಿಯೇ ಓಡುವ ಸಣ್ಣ ಪ್ರೋಗ್ರಾಂಗೆ (ಸ್ಕ್ರಿಪ್ಟಿಗೆ) ವಹಿಸಲು ಹೊರಟರೆ, ಲೆಕ್ಕಪತ್ರದ ಸಾಫ್ಟ್‌ವೇರ್ ಆದ ‘ಟ್ಯಾಲಿ’ ಎಂದು ಹುಡುಕಿದಾಗ ಇಂಗ್ಲಿಷಿನವರು ಎಣಿಕೆ ಎಂಬರ್ಥದಲ್ಲಿ ಬಳಸಿದ ಪೋಸ್ಟುಗಳೇ ರಾಶಿ ಬೀಳುತ್ತವೆ. ಕಾಳು ಜೊಳ್ಳು ಬೇರೆ ಮಾಡುವುದು ಹೇಗೆ?

ಉತ್ತರ: ಬಳ್ಳಾರಿಯಿಂದ

ಒಂಟಿ ಪದವನ್ನು ಹುಡುಕಬೇಡಿ. ಟ್ಯಾಲಿಯ ಜೊತೆಗೆ ಜಿಎಸ್‌ಟಿ, ಇನ್‌ವಾಯ್ಸ್, ಲೆಡ್ಜರ್‌ಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಪೋಸ್ಟನ್ನು ಒಳಗೆ ಬಿಡಿ. ಹ್ಯಾಕರ್ ನ್ಯೂಸ್‌ನ ಎಪಿಐಗೆ, ಅಂದರೆ ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿಗೆ, ಕೀಲಿಯೇ (ನೋಂದಾಯಿಸಿ ಪಡೆಯುವ ಗುರುತಿನ ಸಂಕೇತ) ಬೇಡ. ಆ ತಾಣದ ಹುಡುಕಾಟವನ್ನು ಒದಗಿಸುವ ಅಲ್ಗೋಲಿಯಾದಲ್ಲಿ ದಿನಾಂಕದ ಕ್ರಮದಲ್ಲಿ ಕೇಳಿದರೆ ಹೊಸದು ಮೊದಲು ಸಿಗುತ್ತದೆ. ಸ್ಟ್ಯಾಕ್ ಓವರ್‌ಫ್ಲೋ ಸೇರಿರುವ ಸ್ಟ್ಯಾಕ್ ಎಕ್ಸ್‌ಚೇಂಜ್ ಕೀಲಿಯಿಲ್ಲದೆ ದಿನಕ್ಕೆ 300 ಕೋರಿಕೆಗಳನ್ನೂ, ಕೀಲಿಯಿದ್ದರೆ 10,000ವನ್ನೂ ಒಪ್ಪುತ್ತದೆ. ರೆಡ್ಡಿಟ್ ಮಾತ್ರ 2023ರ ಜುಲೈನಿಂದ ಶುಲ್ಕದ ಪದ್ಧತಿ ತಂದಿರುವುದರಿಂದ, ವ್ಯಾಪಾರಕ್ಕೆ ಬಳಸುವ ಮುನ್ನ ಅದರ ನಿಯಮಗಳನ್ನು ಓದಿಕೊಳ್ಳಿ. ಪ್ರತಿ ಪೋಸ್ಟಿನ ಐಡಿಯನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಬರೆದಿಟ್ಟರೆ ಕಂಡದ್ದೇ ಮತ್ತೆ ಬರುವುದಿಲ್ಲ. ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನು ಓಡಿಸುವ ಕ್ರಾನ್ ಆರು ಗಂಟೆಗೊಮ್ಮೆ ಓಡಿದರೆ ಧಾರಾಳ. ನಿಮ್ಮದೇನೂ ಷೇರು ಪೇಟೆಯಲ್ಲ.

ಉತ್ತರ: ರಾಯಚೂರಿನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಗಿರಣಿ ಮಾಲೀಕರು ರೆಡ್ಡಿಟ್‌ನಲ್ಲಿ ಬರೆಯುವವರಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿ ಮೊದಲೇ ಕಟ್ಟಿದ ಅಕ್ಕಿಯ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂದಾಗ, ಗಿರಣಿಗಳು 26 ಕಿಲೋ ಚೀಲಕ್ಕೆ ಬದಲಾದದ್ದು ನಿಮಗೂ ನೆನಪಿರಬಹುದು. ನನ್ನ ಗ್ರಾಹಕರ ಬಿಲ್ಲಿನಲ್ಲಿ ಆ ತೂಕದ ಆಯ್ಕೆಯೇ ಇರಲಿಲ್ಲ, ಮತ್ತು ಅದು ನನಗೆ ತಿಳಿದದ್ದು ಯಾವ ಪ್ರೋಗ್ರಾಮರನಿಂದಲೂ ಅಲ್ಲ, ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಗದರಿದ ಗುಮಾಸ್ತರೊಬ್ಬರಿಂದ. ಹುಡುಕುವ ಪದಗಳನ್ನು ಮೊದಲು ಗ್ರಾಹಕರ ಕರೆಗಳಿಂದ ಆರಿಸಿಕೊಳ್ಳಿ.

ಸಾರಾಂಶಕ್ಕೆ ಎಐ ಬಳಸುವುದಾದರೆ ಪ್ರತಿ ಮಾತಿನ ಪಕ್ಕದಲ್ಲಿ ಮೂಲ ವಾಕ್ಯವೂ ಲಿಂಕೂ ಇರಲೇಬೇಕು. ಒಬ್ಬನೇ ವ್ಯಕ್ತಿ ನಾಲ್ಕು ಕಡೆ ಹಾಕಿದ್ದ ಒಂದೇ ದೂರನ್ನು ನನ್ನ ವ್ಯವಸ್ಥೆ ‘ಹಲವು ಬಳಕೆದಾರರ ಅಭಿಪ್ರಾಯ’ ಎಂದು ಬರೆದಿತ್ತು. ಅದನ್ನು ನಂಬಿ ಎರಡು ವಾರ ಕೆಲಸ ಮಾಡಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಮ್ಮ ಕರೆಗಳ ನೋಟ್‌ಬುಕ್ ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ದೂರುಗಳು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡ ಅಕ್ಷರ ಒಡೆಯುವುದರ ಕುರಿತಾಗಿವೆ. ಅದನ್ನು ನಾನು ಇದುವರೆಗೆ ಒಮ್ಮೆಯೂ ಹುಡುಕಿರಲಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿಗೆ ಅದನ್ನೇ ಹಾಕಿದ್ದೇನೆ.