ಮನೆಗೆ ಜನರೇಟರ್ ಬೇಕಾ, ಯುಪಿಎಸ್ ಸಾಕಾ? ಇಟ್ಟುಕೊಂಡವರ ಅನುಭವ

ಕೇಳಿದ್ದು

ಮನೆಗೆ ಸ್ಟ್ಯಾಂಡ್‌ಬೈ ಜನರೇಟರ್ ಹಾಕಿಸೋಣ ಅಂತ ಯೋಚನೆ ನಡೆದಿದೆ. ಗಾಳಿ ಮಳೆ ಜೋರಾದರೆ ನಮ್ಮಲ್ಲಿ ಕರೆಂಟ್ ಬರುವುದು ಕೆಲವು ಸಲ ಮಾರನೇ ದಿನ. ಅತ್ತೆಗೆ ರಾತ್ರಿ ಹೊತ್ತು ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕರೆಂಟ್ ಯಂತ್ರ) ಬೇಕೇ ಬೇಕು. ನೀರಿಗೆ 1 ಎಚ್‌ಪಿ ಬೋರ್‌ವೆಲ್ ಮೋಟಾರ್ ಇದೆ. ಯುಪಿಎಸ್ ಹಳೆಯದು, ಒಂದೇ ಬ್ಯಾಟರಿ. ಮಾರುವವರು 10 ಕೆವಿಎ ಡೀಸೆಲ್ ಸೆಟ್ ತಗೊಳ್ಳಿ ಅಂತಿದ್ದಾರೆ. ಇಟ್ಟುಕೊಂಡವರು ದಯವಿಟ್ಟು ಹೇಳಿ, ನಿಜವಾಗಿ ಉಪಯೋಗಕ್ಕೆ ಬರುತ್ತಾ?

ಎಂಟು ವರ್ಷದಿಂದ ಜನರೇಟರ್ ಇರುವವರು

ಅಕ್ಕ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ, ಜನರೇಟರ್ ಆಮೇಲೆ. ನಮ್ಮ ಮೀಟರ್ ಬೋರ್ಡಿನ ಮೊಳೆಗೆ ಒಂದು ಪುಟ್ಟ ಪುಸ್ತಕ ನೇತುಹಾಕಿದ್ದೆವು, ದಾರದಲ್ಲಿ ಪೆನ್ಸಿಲ್ ಕಟ್ಟಿ. ಕರೆಂಟ್ ಹೋದದ್ದು, ಬಂದದ್ದು, ಅಷ್ಟೇ ಬರೆಯುವುದು. ನಾಲ್ಕು ತಿಂಗಳಲ್ಲಿ 61 ಸಲ ಹೋಗಿತ್ತು. ಅದರಲ್ಲಿ 54 ಸಲ ಎರಡು ಗಂಟೆಯೊಳಗೆ ಬಂದಿತ್ತು. ಒಂದು ಸಲ ಮಾತ್ರ 31 ಗಂಟೆ ಬರಲಿಲ್ಲ. ನಾವು ಜನರೇಟರ್ ತಂದದ್ದು ಆ ಒಂದು ಸಾಲಿಗೋಸ್ಕರ. ಉಳಿದದ್ದಕ್ಕೆಲ್ಲ ಯುಪಿಎಸ್ ಸಾಕಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಕಾನ್ಸಂಟ್ರೇಟರ್ ಇರುವುದರಿಂದ ಲೆಕ್ಕ ಬೇರೆ. ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುವ ಯಂತ್ರ ಸುಮಾರು 300ರಿಂದ 350 ವ್ಯಾಟ್ ಎಳೆಯುತ್ತದೆ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಖಾಲಿ ಮಾಡುವ ಹಾಗಿಲ್ಲ, ಯುಪಿಎಸ್ ಕೂಡ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1100, ಹೆಚ್ಚೆಂದರೆ 1200. ಲೈಟು ಫ್ಯಾನು ಏನೂ ಇಲ್ಲದೆ ಕಾನ್ಸಂಟ್ರೇಟರ್ ಒಂದೇ ಓಡಿದರೂ ಮೂರೂವರೆ ಗಂಟೆ. ಅದೂ ಹೊಸ ಬ್ಯಾಟರಿಯಾದರೆ. ರಾತ್ರಿ ದಾಟುವುದಿಲ್ಲ.

ಹಾಗಂತ ಜನರೇಟರ್ ಒಂದನ್ನೇ ನಂಬಿಕೊಳ್ಳುವುದೂ ಬೇಡ. ತಾನಾಗಿ ಸ್ಟಾರ್ಟ್ ಆಗುವ ಸೆಟ್ ಕೂಡ ಲೋಡ್ ತಗೊಳ್ಳಲು ಹತ್ತು ಹದಿನೈದು ಸೆಕೆಂಡ್ ಬೇಕು. ಕೈಯಿಂದ ಸ್ಟಾರ್ಟ್ ಮಾಡುವುದಾದರೆ ಮಳೆಯಲ್ಲಿ ಟಾರ್ಚ್ ಹಿಡಿದು ಹೋಗಿ ಬರುವಷ್ಟು ಹೊತ್ತು. ಆ ಮಧ್ಯದ ಹೊತ್ತಿಗೆ ಯುಪಿಎಸ್ ಇರಲೇಬೇಕು. ಎರಡೂ ಕೈಕೊಟ್ಟರೆ ಅಂತ ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಹಾಸಿಗೆ ಪಕ್ಕ ಇರಲಿ. ಎಷ್ಟು ಲೀಟರಿನಂತೆ ಬಿಡಬೇಕು, ಎಷ್ಟು ಹೊತ್ತು ಬರುತ್ತದೆ ಅಂತ ಡಾಕ್ಟರ ಹತ್ತಿರ ಕೇಳಿ ಸಿಲಿಂಡರಿನ ಮೇಲೆಯೇ ಬರೆದಿಡಿ. ಇದನ್ನು ಮಾತ್ರ ನಾಳೆಗೆ ಬಿಡಬೇಡಿ.

ಇನ್ನು 10 ಕೆವಿಎ. ಕೆವಿಎ ಅಂದರೆ ಕಿಲೋವ್ಯಾಟ್ ಅಲ್ಲ, ಸಾಮಾನ್ಯವಾಗಿ 0.8ರಿಂದ ಗುಣಿಸಬೇಕು. ಅಲ್ಲಿಗೆ 8 ಕಿಲೋವ್ಯಾಟ್. ರಾತ್ರಿ ನಿಮ್ಮ ಲೋಡ್ ಎಷ್ಟು? ಕಾನ್ಸಂಟ್ರೇಟರ್ 350, ಮೂರು ಫ್ಯಾನ್ 225, ಫ್ರಿಜ್ 150, ನಾಲ್ಕು ಎಲ್‌ಇಡಿ ಬಲ್ಬ್ 36. ಒಂದು ಕಿಲೋವ್ಯಾಟ್ ಕೂಡ ಆಗಲಿಲ್ಲ. ಡೀಸೆಲ್ ಎಂಜಿನ್ನನ್ನು ಅದರ ಶಕ್ತಿಯ 30 ಪರ್ಸೆಂಟಿಗಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಅದು ಸರಿಯಾಗಿ ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಿಂದ ಕಪ್ಪು ಜಿಡ್ಡು ತೊಟ್ಟಿಕ್ಕುತ್ತದೆ, ಒಳಗೆ ಮಸಿ ಕಟ್ಟುತ್ತದೆ. ದೊಡ್ಡದು ತಂದರೆ ಒಳ್ಳೆಯದೇ ಅಲ್ವಾ ಅನ್ನುವವರು ಇದನ್ನು ಹೇಳುವುದೇ ಇಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಬ್ಯಾಟರಿ ದೊಡ್ಡದು, ಜನರೇಟರ್ ಚಿಕ್ಕದು ಮಾಡುತ್ತಿದ್ದೆ. 5 ಯುನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಇದ್ದರೆ ಕಾನ್ಸಂಟ್ರೇಟರ್, ಒಂದು ಫ್ಯಾನು, ಒಂದು ಲೈಟು ಇಡೀ ರಾತ್ರಿ ಸದ್ದಿಲ್ಲದೆ ಓಡುತ್ತವೆ. ಬೆಳಗಾದ ಮೇಲೂ ಕರೆಂಟ್ ಬರದಿದ್ದರೆ ಮೂರು ನಾಲ್ಕು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಿ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಗೆ ತುಂಬಲು ಎಂಟು ಹತ್ತು ಗಂಟೆ ಬೇಕು, ಅದಕ್ಕೇ ಇಲ್ಲಿ ಲಿಥಿಯಂ ಮೇಲು. ನಿಮ್ಮ ಹಳೇ ಯುಪಿಎಸ್ ಅದಕ್ಕೆ ಹೊಂದುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಜನರೇಟರ್ ಕರೆಂಟ್ ಸ್ವಲ್ಪ ಏರಿಳಿದರೂ ಕೆಲವು ಯುಪಿಎಸ್ ಚಾರ್ಜ್ ತಗೊಳ್ಳುವುದಿಲ್ಲ. ಅದರ ಹಿಂಭಾಗದಲ್ಲಿ ‘ಯುಪಿಎಸ್’, ‘ನಾರ್ಮಲ್’ ಅಂತ ಒಂದು ಸ್ವಿಚ್ ಇರುತ್ತದಲ್ಲ, ಅದನ್ನು ನಾರ್ಮಲ್‌ಗೆ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಜನರೇಟರ್ ಬೇಡ ಅಂತ ಬಿಟ್ಟವರು

ನಾವೂ ಬೋರ್‌ವೆಲ್ ಮೋಟಾರಿಗೋಸ್ಕರವೇ ಜನರೇಟರ್ ನೋಡಲು ಹೋಗಿದ್ದು. 1 ಎಚ್‌ಪಿ ಮೋಟಾರ್ ಓಡುವಾಗ ಎಳೆಯುವುದು ಒಂದು ಕಿಲೋವ್ಯಾಟ್ ಚಿಲ್ಲರೆ. ಆದರೆ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ಮೂರು ನಾಲ್ಕು ಪಟ್ಟು, ಕೆಲವದಕ್ಕೆ ಇನ್ನೂ ಜಾಸ್ತಿ. ಆ ಒಂದು ಗಳಿಗೆಗಾಗಿ ಅಷ್ಟು ದೊಡ್ಡ ಯಂತ್ರ ತರಬೇಕು. ಅದರ ಬದಲು ಇನ್ನೊಂದು ಟ್ಯಾಂಕ್ ಇಡಿಸಿದೆವು. ಮೋಡ ಕಟ್ಟಿದ ಕೂಡಲೇ ಎರಡೂ ತುಂಬಿಸಿಬಿಡುತ್ತೇವೆ, ಎರಡು ದಿನಕ್ಕೆ ಚಿಂತೆಯಿಲ್ಲ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಆದರೆ ನಮ್ಮ ಮನೆಯಲ್ಲಿ ರೋಗಿಗಳಿಲ್ಲ, ಅದನ್ನು ಗಮನದಲ್ಲಿಟ್ಟು ಓದಿ.

ಬೇಕಾದಾಗಲೇ ಸ್ಟಾರ್ಟ್ ಆಗದವರು

ನನ್ನದು ಚಿಕ್ಕ ಪೆಟ್ರೋಲ್ ಜನರೇಟರ್. ತಂದ ವರ್ಷ ಏಳು ತಿಂಗಳು ಮುಟ್ಟಲೇ ಇಲ್ಲ. ಬಿರುಗಾಳಿ ಬಂದ ರಾತ್ರಿ ಹಗ್ಗ ಎಳೆದು ಎಳೆದು ಅಂಗೈ ಸುಲಿಯಿತು, ಅದು ಕೆಮ್ಮಲೂ ಇಲ್ಲ. ಬೆಳಿಗ್ಗೆ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ಒಂದು ಹಿತ್ತಾಳೆ ಜೆಟ್ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಸೂಜಿ ಮೊನೆಯಷ್ಟು ತೂತು, ಹಳೇ ಪೆಟ್ರೋಲ್ ಗೋಂದಿನ ಹಾಗೆ ಗಟ್ಟಿಯಾಗಿ ಅದನ್ನು ಮುಚ್ಚಿತ್ತು. ಆ ರಾತ್ರಿ ಅಪ್ಪ ಸೆಕೆಗೆ ನಿದ್ದೆಯಿಲ್ಲದೆ ಕೂತಿದ್ದು ಇನ್ನೂ ಕಣ್ಣ ಮುಂದಿದೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ 20 ನಿಮಿಷ ಓಡಿಸುತ್ತೇನೆ, ಸುಮ್ನೆ ಅಲ್ಲ, ಫ್ರಿಜ್ ಫ್ಯಾನ್ ಹಾಕಿಕೊಂಡು. ಆಮೇಲೆ ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ ಎಂಜಿನ್ ತಾನಾಗೇ ನಿಲ್ಲುವವರೆಗೆ ಬಿಡುತ್ತೇನೆ, ಕಾರ್ಬುರೇಟರ್ ಒಣಗುತ್ತದೆ. ಸೆಲ್ಫ್ ಸ್ಟಾರ್ಟ್ ಇದ್ದರೆ ಅದರ ಬ್ಯಾಟರಿಯನ್ನೂ ಚಾರ್ಜಿನಲ್ಲಿಡಿ.

ಎಲೆಕ್ಟ್ರಿಷಿಯನ್ ಕೆಲಸ ಮಾಡುವವರು

ಮೇಡಂ, ಯಾವ ಜನರೇಟರ್ ತಂದರೂ ಚೇಂಜ್‌ಓವರ್ ಸ್ವಿಚ್ (ಒಂದು ಹೊತ್ತಿಗೆ ಲೈನ್ ಅಥವಾ ಜನರೇಟರ್, ಒಂದನ್ನೇ ಮನೆಗೆ ಸೇರಿಸುವ ಸ್ವಿಚ್) ಇಲ್ಲದೆ ಮನೆ ವೈರಿಂಗಿಗೆ ಸೇರಿಸಬೇಡಿ. ಎರಡು ತುದಿಗೂ ಪ್ಲಗ್ ಹಾಕಿದ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಚುಚ್ಚುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಕರೆಂಟ್ ಹೊರಗಿನ ಲೈನಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತದೆ, ನಿಮ್ಮ ಮನೆಯಿಂದ ಹೋದದ್ದು ಆಚೆ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ನನ್ನ ತಮ್ಮ ಅದೇ ಕೆಲಸದಲ್ಲಿದ್ದಾನೆ, ಅದಕ್ಕೇ ಕೈಮುಗಿದು ಹೇಳುತ್ತಿದ್ದೇನೆ.

ಎರಡನೆಯದು ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ (ಸಿಒ) ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೆಟ್ಟಿಲ ಕೆಳಗೆ, ಬಾಲ್ಕನಿಯಲ್ಲಿ, ಬಾಗಿಲು ತೆರೆದ ಕಾರ್ ಶೆಡ್ಡಿನಲ್ಲಿ, ಎಲ್ಲಿಯೂ ಬೇಡ. ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ, ಸೈಲೆನ್ಸರ್ ಮನೆಗೆ ಬೆನ್ನು ಮಾಡಿ ಇರಬೇಕು. ಪಕ್ಕದವರ ಕಿಟಕಿಯನ್ನೂ ಅಳೆಯಿರಿ. ಮಲಗುವ ಕೋಣೆಯಲ್ಲಿ ಸಿಒ ಅಲಾರಂ ಇರಲಿ. ಜನರೇಟರ್ ಓಡುವಾಗ ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಇನ್ನು ಇಂಧನ ಹಾಕುವುದು ಎಂಜಿನ್ ಆರಿಸಿ, ಅದು ತಣ್ಣಗಾದ ಮೇಲೆಯೇ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಟೇಪ್ ಹಿಡಿದು ಅಳೆದೆವು. ಮಾರುವವರು ಗುರುತು ಮಾಡಿ ಹೋಗಿದ್ದ ಜಾಗ ಅತ್ತೆಯ ಕಿಟಕಿಯಿಂದ ಬರೀ ಒಂಬತ್ತು ಅಡಿ. 20 ಅಡಿ ಸಿಗುವುದು ಹಿತ್ತಲ ಮೂಲೆಯಲ್ಲಿ ಮಾತ್ರ, ಅಲ್ಲಿ ಚಿಕ್ಕದೇ ಹಿಡಿಸುವುದು. ಕಾನ್ಸಂಟ್ರೇಟರಿಗೆ ವ್ಯಾಟ್ ಮೀಟರ್ ಹಾಕಿ ನೋಡಿದರೆ 320 ತೋರಿಸಿತು. 10 ಕೆವಿಎ ಬೇಡ ಅಂತ ಹೇಳಿಬಿಟ್ಟೆ. ಸಿಲಿಂಡರ್ ಸಂಜೆಯೇ ಬಂತು, ಅತ್ತೆ ಅದನ್ನು ನೋಡಿ ಎಷ್ಟೋ ಸಮಾಧಾನಪಟ್ಟರು. ಬ್ಯಾಟರಿ ಈ ತಿಂಗಳು, ಜನರೇಟರ್ ಮಳೆಗಾಲಕ್ಕೆ ಮೊದಲು. ಮೀಟರ್ ಬೋರ್ಡಿಗೆ ನೋಟ್‌ಬುಕ್ ಕೂಡ ನೇತುಹಾಕಿದ್ದೇವೆ. ಮೊದಲ ಸಾಲು ಮಗಳು ಬರೆದಳು: ಹೋಗಿದ್ದು 6.40, ಬಂದಿದ್ದು 7.05.